ಜೀವಕ ಚಿಂತಾಮಣಿಯ ಉದ್ಧಾರಕ ಉ. ವೇ. ಸ್ವಾಮಿನಾಥ ಅಯ್ಯರ್

ತಮಿಳು ಸಾಹಿತ್ಯದಲ್ಲಿ ಪಂಚಮಹಾಕಾವ್ಯಗಳೆಂದು ಪ್ರಸಿದ್ಧವಾದ ಐದು ಕೃತಿಗಳುಂಟು. ಶಿಲಪ್ಪದಿಕಾರಂ, ಮಣಿಮೇಖಲೈ, ಜೀವಕ ಚಿಂತಾಮಣಿ, ವಳೈಯಾಪತಿ, ಕುಂಡಲಕೇಶಿ. ಇವುಗಳಲ್ಲಿ ಎರಡು ಬೌದ್ಧ ಕೃತಿಗಳು. ಉಳಿದ ಮೂರು ಜೈನ ಪರಂಪರೆಗೆ ಸಲ್ಲತಕ್ಕವೆಂದು ವಿದ್ವಾಂಸರು ಪರಿಗಣಿಸುತ್ತ ಬಂದಿದ್ದಾರೆ. ಐದರಲ್ಲಿ ಒಂದೂ ಶೈವ ಅಥವಾ ವೈಷ್ಣವ ಕಾವ್ಯವಲ್ಲ. ಹೀಗಿದ್ದೂ ಈ ಕಾವ್ಯಗಳನ್ನು ಓಲೆಗರಿಯಿಂದ ಅಚ್ಚಿಗೆ ತಂದು ತಮಿಳರ ಕೈಗಿತ್ತ ಮಹನೀಯರು ಜೈನರೂ ಅಲ್ಲ, ಬೌದ್ಧರೂ ಅಲ್ಲ. ಅವರು ಶೈವಮಠವೊಂದರ ನೆರಳಿನಲ್ಲಿ ಬೆಳೆದ ಒಬ್ಬ ಸ್ಮಾರ್ತ ಬ್ರಾಹ್ಮಣರು. ತಮಿಳುನಾಡು ಇಂದಿಗೂ ಅವರನ್ನು ‘ತಮಿಳ್ ತಾತಾ’, ಎಂದರೆ ತಮಿಳಿನ ಅಜ್ಜ, ಎಂದು ಅಕ್ಕರೆಯಿಂದ ಕರೆಯುತ್ತದೆ.

ಮಹಾಮಹೋಪಾಧ್ಯಾಯ ಉ. ವೇ. ಸ್ವಾಮಿನಾಥ ಅಯ್ಯರ್ ಅವರು 1855ರ ಫೆಬ್ರವರಿ 19ರಂದು ಜನಿಸಿದರು. ಕುಂಭಕೋಣದ ಬಳಿಯ ಉತ್ತಮದಾನಪುರವೆಂಬ ಚಿಕ್ಕ ಗ್ರಾಮ ಅವರ ಊರು. ಹೆಸರಿನ ಮೊದಲಲ್ಲಿರುವ ‘ಉ’ ಆ ಊರನ್ನೂ, ‘ವೇ’ ತಂದೆ ವೇಂಕಟಸುಬ್ಬಯ್ಯರ್ ಅವರನ್ನೂ ಸೂಚಿಸುತ್ತವೆ. ತಂದೆ ಸಂಗೀತ ವಿದ್ವಾಂಸರು, ಹರಿಕಥೆ ಮಾಡಿ ಸಂಸಾರ ನಡೆಸುತ್ತಿದ್ದವರು. ಮನೆಯಲ್ಲಿ ಬಡತನ. ಮಗನಿಗಾದರೋ ಸಂಗೀತಕ್ಕಿಂತ ತಮಿಳಿನ ಮೇಲೆ ಮೋಹ. ಕಾಸು ಕೂಡಿಸಿ ಪಾಠ, ಊರೂರು ಅಲೆದು ಪಾಠ, ಹೀಗೆ ಬಾಲ್ಯ ಕಳೆಯಿತು. ಆ ಕಾಲದ ತಮಿಳು ವಿದ್ಯಾರ್ಥಿಯೊಬ್ಬ ವ್ಯಾಕರಣಕ್ಕೆ ಕೈಯಿಟ್ಟರೆ ಮೊದಲು ಓದಬೇಕಾದ ಗ್ರಂಥ ‘ನನ್ನೂಲ್’. ಅದು ಭವಣಂದಿ, ಅಂದರೆ ಭವನಂದಿ ಎಂಬ ಜೈನ ಮುನಿ ಬರೆದದ್ದು. ಬರೆಸಿದವನು ಗಂಗವಂಶದವನೆನಿಸಿದ ಶೀಯಗಂಗನೆಂಬ ಅರಸು. ಎಂದರೆ ಶೈವರಿರಲಿ ವೈಷ್ಣವರಿರಲಿ, ತಮಿಳಿನ ಅಕ್ಷರವ್ಯವಸ್ಥೆಯನ್ನು ಎಲ್ಲರೂ ಕಲಿಯುತ್ತಿದ್ದುದು ಒಬ್ಬ ದಿಗಂಬರ ಮುನಿಯ ಮುಖದಿಂದ. ಆದರೆ ಆ ಮುನಿಯ ಧರ್ಮವೇನೆಂಬುದನ್ನು ಕಲಿಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಹದಿನಾರರ ಪ್ರಾಯದಲ್ಲಿ ಅವರು ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೈ ಅವರ ಶಿಷ್ಯರಾದರು. ತಂದೆತಾಯಿಗಳು ಇಟ್ಟ ಹೆಸರು ವೇಂಕಟರಾಮನ್. ಗುರುಗಳ ಇಚ್ಛೆಯಂತೆ ಅದು ಸ್ವಾಮಿನಾಥನ್ ಆಯಿತು. ಪಿಳ್ಳೈಯವರು ತಿರುವಾವಡುದುರೈ ಶೈವಮಠದ ಆಸ್ಥಾನ ವಿದ್ವಾಂಸರು; ಸ್ಥಳಪುರಾಣಗಳನ್ನು ಆಶುವಾಗಿ ರಚಿಸುತ್ತಿದ್ದ ಮಹಾಕವಿ. 1876ರಲ್ಲಿ ಗುರುಗಳು ತೀರಿಕೊಂಡ ಮೇಲೆ ಮಠಾಧಿಪತಿಗಳಾದ ಸುಬ್ರಹ್ಮಣ್ಯ ದೇಶಿಕರೇ ಶಿಷ್ಯನನ್ನು ಪೋಷಿಸಿದರು. 1880ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ತ್ಯಾಗರಾಜ ಚೆಟ್ಟಿಯಾರ್ ಅವರು ನಿವೃತ್ತರಾಗುವಾಗ ತಮ್ಮ ತಮಿಳು ಪಂಡಿತರ ಸ್ಥಾನವನ್ನು ಅಯ್ಯರ್ ಅವರಿಗೆ ಕೊಡಿಸಿದರು. ತಿಂಗಳಿಗೆ 50 ರೂಪಾಯಿ ಸಂಬಳ. ಇಪ್ಪತ್ತೈದರ ಯುವಕನಿಗೆ ಇನ್ನು ಕಲಿಯುವುದೇನೂ ಉಳಿದಿಲ್ಲವೆಂದು ತೋರಿದ್ದರೆ ಅಚ್ಚರಿಯಿಲ್ಲ.

ಆ ವರ್ಷದ ಅಕ್ಟೋಬರ್ 21ರಂದು ಆ ಭಾವನೆ ಮುರಿಯಿತು. ಕುಂಭಕೋಣಕ್ಕೆ ಮುನ್ಸೀಫರಾಗಿ ಸೇಲಂ ರಾಮಸ್ವಾಮಿ ಮೊದಲಿಯಾರ್ ಎಂಬವರು ಬಂದಿದ್ದರು. ಹೊಸ ಪಂಡಿತರು ಅವರನ್ನು ಕಾಣಲು ಹೋದರು. ಏನೇನು ಓದಿದ್ದೀರಿ ಎಂದು ಮುನ್ಸೀಫರು ಕೇಳಲು, ಅಯ್ಯರ್ ಅವರು ಅಂದಾದಿ, ಪಿಳ್ಳೈತ್ತಮಿಳ್, ಉಲಾ, ಕೋವೈ, ಸ್ಥಳಪುರಾಣಗಳ ಉದ್ದನೆಯ ಪಟ್ಟಿಯನ್ನೇ ಒಪ್ಪಿಸಿದರು. ಕೇಳುವವರ ಮುಖದಲ್ಲಿ ಮೆಚ್ಚಿಗೆಯ ಸುಳಿವಿಲ್ಲ. ಕಂಬರಾಮಾಯಣದ ಹೆಸರು ಹೇಳಿದರೂ ತೃಪ್ತಿಯಿಲ್ಲ. ಕೊನೆಗೆ ಮೊದಲಿಯಾರ್ ಅವರು, ಇವೆಲ್ಲ ಈಚಿನ ಪುಸ್ತಕಗಳು, ಇವಕ್ಕೆ ಹಿಂದಿನ ಗ್ರಂಥಗಳಾದ ಚಿಂತಾಮಣಿಯನ್ನೋ ಮಣಿಮೇಖಲೆಯನ್ನೋ ಶಿಲಪ್ಪದಿಕಾರವನ್ನೋ ಓದಿದ್ದೀರಾ ಎಂದು ಪ್ರಶ್ನಿಸಿದರು. ಪಂಡಿತರು ಓದಿರಲಿಲ್ಲ. ಅವರಿಗೆ ಪಾಠ ಹೇಳಿದ ಮಹಾವಿದ್ವಾಂಸರೂ ಅವನ್ನು ಪಾಠ ಹೇಳಿದವರಲ್ಲ. ಮುಂದೆ ಮೊದಲಿಯಾರ್ ಅವರು ತಮ್ಮಲ್ಲಿದ್ದ ಚಿಂತಾಮಣಿಯ ಪ್ರತಿಯೊಂದನ್ನು ಕೊಟ್ಟು, ಓದಿ ತಮಗೆ ಪಾಠ ಹೇಳಬೇಕೆಂದರು. ಅಧಿಕಾರಸ್ಥರೊಬ್ಬರ ಎದುರು ಮಾನಭಂಗವಾಯಿತೆಂದು ಅಯ್ಯರ್ ಅವರು ಮುನಿದು ಹಿಂದಿರುಗಬಹುದಾಗಿತ್ತು. ಅವರು ಪ್ರತಿಯನ್ನು ತೆಗೆದುಕೊಂಡರು.

ಜೀವಕ ಚಿಂತಾಮಣಿಯ ಕವಿ ತಿರುತ್ತಕ್ಕ ದೇವರು. ಚೋಳ ಕುಲದಲ್ಲಿ ಹುಟ್ಟಿ ಜಿನದೀಕ್ಷೆ ಪಡೆದ ಮುನಿಯೆಂದು ಪರಂಪರೆ ಹೇಳುತ್ತದೆ. ಹದಿಮೂರು ಲಂಬಕಗಳು, ಮೂರು ಸಾವಿರಕ್ಕೂ ಮಿಕ್ಕ ಪದ್ಯಗಳು. ವಸ್ತುವು ಕನ್ನಡ ಜೈನರಿಗೆ ಹೊಸದಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಜೀವಂಧರ ಸ್ವಾಮಿಯ ಕಥೆಯೇ ಅದು. ವಾದೀಭಸಿಂಹನ ಕ್ಷತ್ರಚೂಡಾಮಣಿ ಮತ್ತು ಗದ್ಯಚಿಂತಾಮಣಿಗಳೂ, ಕನ್ನಡದಲ್ಲಿ ಭಾಸ್ಕರನು 1424ರಲ್ಲಿ ಪೆನುಗೊಂಡೆಯಲ್ಲಿ ಮುಗಿಸಿದ ಜೀವಂಧರ ಚರಿತೆಯೂ, ತೆರಕಣಾಂಬಿ ಬೊಮ್ಮರಸನ ಸಾಂಗತ್ಯವೂ ಅದನ್ನೇ ಹಾಡುತ್ತವೆ. ಮಂತ್ರಿ ಕಾಷ್ಠಾಂಗಾರನ ದ್ರೋಹ, ಗರ್ಭಿಣಿ ರಾಣಿ ವಿಜಯೆಯ ಮಯೂರಯಂತ್ರ, ಸ್ಮಶಾನದಲ್ಲಿ ಜನಿಸಿದ ಶಿಶು, ವೈಶ್ಯನ ಮನೆಯ ಸಾಕಣೆ, ಒಂದಾದ ಮೇಲೊಂದು ವಿವಾಹ, ಕಡೆಗೆ ರಾಜ್ಯಪ್ರಾಪ್ತಿ. ಹಲವು ವಿವಾಹಗಳ ಕಾರಣ ತಮಿಳರು ಇದನ್ನು ‘ಮಣನೂಲ್’, ಮದುವೆಯ ಪುಸ್ತಕ, ಎಂದೂ ಕರೆದರು. ಹಾಗೆ ಕರೆದವರು ಕೊನೆಯ ಮುಕ್ತಿ ಲಂಬಕವನ್ನು ಮರೆತಂತಿದೆ. ಗಂಡುಕೋತಿ ತನ್ನ ಸಂಗಾತಿಗೆ ಕೊಟ್ಟ ಹಲಸಿನ ಹಣ್ಣನ್ನು ತೋಟಗಾವಲಿನವನು ಕಿತ್ತುಕೊಂಡು ತಿನ್ನುವುದನ್ನು ಕಂಡ ಅರಸನು, ತಾನು ಕಾಷ್ಠಾಂಗಾರನಿಂದ ಕಿತ್ತುಕೊಂಡ ರಾಜ್ಯವೂ ಇಂಥದೇ ಎಂದು ವಿರಕ್ತನಾಗುವ ಸನ್ನಿವೇಶವನ್ನು ಓದಿದವರಾರೂ ಅದನ್ನು ಶೃಂಗಾರಕಾವ್ಯವೆಂದು ತಳ್ಳಿಹಾಕಲಾರರು.

ಕಾವ್ಯವನ್ನು ಬಿಡಿಸಿದ ಅಯ್ಯರ್ ಅವರಿಗೆ ಭಾಷೆ ಕೈಗೂಡಿತು, ಅರ್ಥ ಕೈಗೂಡಲಿಲ್ಲ. ಓಲೆಗರಿಯ ತಮಿಳಿನಲ್ಲಿ ಅರ್ಧಾಕ್ಷರದ ಚುಕ್ಕೆಯಿಲ್ಲ. ಹ್ರಸ್ವ ದೀರ್ಘ ಎಕಾರ ಒಕಾರಗಳ ಭೇದವಿಲ್ಲ. ದೀರ್ಘದ ಕೊಂಬಿಗೂ ರಕಾರಕ್ಕೂ ವ್ಯತ್ಯಾಸ ಕಾಣದು. ಎಲ್ಲಿ ಪದ್ಯ ಮುಗಿಯಿತು, ಎಲ್ಲಿ ಟೀಕೆ ಮೊದಲಾಯಿತೆಂಬುದನ್ನು ಓದುಗನೇ ಊಹಿಸಬೇಕು. 14ನೆಯ ಶತಮಾನದ ನಚ್ಚಿನಾರ್ಕಿನಿಯರ್ ಬರೆದ ಪ್ರಸಿದ್ಧ ವ್ಯಾಖ್ಯಾನವಿತ್ತು; ಆದರೆ ಆ ವ್ಯಾಖ್ಯಾನಕಾರರು ಗ್ರಂಥದ ಹೆಸರು ಹೇಳದೆಯೇ ಸಾಲುಗಳನ್ನು ಉದ್ಧರಿಸುವವರು. ಇವೆಲ್ಲ ಶ್ರಮದಿಂದ ದಾಟಬಹುದಾದ ತೊಡಕುಗಳು. ಜೈನಸಿದ್ಧಾಂತದ ಪರಿಭಾಷೆ ಮಾತ್ರ ಶ್ರಮಕ್ಕೆ ಜಗ್ಗಲಿಲ್ಲ. ಕರ್ಮಪ್ರಕೃತಿ, ಗತಿ, ಲೋಕಸ್ವರೂಪ, ಸಮವಸರಣ ಇವುಗಳನ್ನು ಶೈವ ಸಿದ್ಧಾಂತದ ನಿಘಂಟಿನಲ್ಲಿ ಹುಡುಕಿದರೆ ದೊರೆಯುವುದು ತಪ್ಪು ಅರ್ಥವೇ. ತಪ್ಪು ಅರ್ಥಕ್ಕೆ ತಕ್ಕಂತೆ ಪಾಠವನ್ನು ತಿದ್ದಿಕೊಳ್ಳುವ ಪಂಡಿತರಿಗೂ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಅಯ್ಯರ್ ಅವರ ಹಿರಿಮೆ ಇಲ್ಲಿದೆ. ತಿಳಿಯದ ಕಡೆ ಊಹಿಸಿ ಬರೆಯುವ ಬದಲು, ತಿಳಿದವರು ಯಾರು ಎಂದು ಅವರು ಹುಡುಕಿದರು.

ಬಹಳ ದೂರ ಹೋಗಬೇಕಾಗಲಿಲ್ಲ. ಕುಂಭಕೋಣದಲ್ಲಿಯೇ ಜೈನರ ಮನೆಗಳಿದ್ದವು. ಪರಿಚಿತರೊಬ್ಬರ ಮೂಲಕ ಅವರು ಚಂದ್ರನಾಥ ಚೆಟ್ಟಿಯಾರ್ ಎಂಬ ಶ್ರಾವಕರ ಸಂಪರ್ಕಕ್ಕೆ ಬಂದರು. ಅಯ್ಯರ್ ಅವರು ಜೈನ ಗೃಹವೊಂದಕ್ಕೆ ಹೋದಾಗ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಮನೆಯಲ್ಲಿ ಹಬ್ಬದ ಕಳೆ. ಈ ದಿನ ಏನು ವಿಶೇಷವೆಂದು ವಿಚಾರಿಸಲು, ಚಿಂತಾಮಣಿಯ ಪಾರಾಯಣ ನಡೆಯುತ್ತಿತ್ತು, ಇಂದು ಸಂಪೂರ್ಣವಾಯಿತೆಂಬ ಉತ್ತರ ಬಂತು. ತಿಂಗಳುಗಟ್ಟಲೆ ಓದಿ, ಅರ್ಥ ಹೇಳಿಸಿ ಕೇಳಿ, ಮಂಗಳಾಚರಣೆ ಮಾಡುತ್ತಿದ್ದರು. ವೀಡೂರು ಅಪ್ಪಾಸಾಮಿ ನಯಿನಾರ್ ಎಂಬ ವಿದ್ವಾಂಸರು ಅರ್ಥ ಹೇಳುತ್ತಿದ್ದವರು.

ಕಾಲೇಜಿನ ತಮಿಳು ಪಂಡಿತರು ನಿಂತಲ್ಲೇ ಬೆರಗಾದರು. ಮಹಾವಿದ್ವಾಂಸರ ಪಾಠಪಟ್ಟಿಯಲ್ಲಿ ಇಲ್ಲದ, ಮಠದ ಗ್ರಂಥಭಂಡಾರದಲ್ಲಿ ಮೂಲೆ ಸೇರಿದ್ದ ಕಾವ್ಯವನ್ನು ನಾಲ್ಕು ಬೀದಿಗಳಾಚೆ ವ್ಯಾಪಾರಸ್ಥ ಕುಟುಂಬವೊಂದು ಸ್ವಾಧ್ಯಾಯವಾಗಿ ಇಟ್ಟುಕೊಂಡಿತ್ತು. ಪಂಡಿತ ಮಂಡಲಿಯ ಪಾಲಿಗೆ ಮರೆಯಾಗಿದ್ದ ಗ್ರಂಥ ಶ್ರಾವಕರ ಮನೆಗಳಲ್ಲಿ ಒಮ್ಮೆಯೂ ಮರೆಯಾಗಿರಲಿಲ್ಲ. ಅಯ್ಯರ್ ಅವರು ಚಿಂತಾಮಣಿಯನ್ನು ‘ಕಂಡುಹಿಡಿದರು’ ಎಂದು ಬರೆಯುವವರು ಈ ತೋರಣವನ್ನು ನೆನೆಯಬೇಕು. ಅಯ್ಯರ್ ಅವರಂತೂ ಮರೆಯಲಿಲ್ಲ. ತಮ್ಮ ಆತ್ಮಕಥೆ ‘ಎನ್ ಚರಿತ್ತಿರಂ’ನಲ್ಲಿ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ಈ ಜೈನ ಮಿತ್ರರ ವಿಷಯವನ್ನು ಕೃತಜ್ಞತೆಯಿಂದ ವಿಸ್ತಾರವಾಗಿ ಬರೆದಿದ್ದಾರೆ.

ಅಂದಿನಿಂದ ಅವರು ಮತ್ತೆ ವಿದ್ಯಾರ್ಥಿಯಾದರು. ಕಾವ್ಯದ ಆರಂಭದ ಸ್ತುತಿಪದ್ಯಗಳೇ ಮೊದಲ ಪಾಠ. ಸಿದ್ಧ, ಅರ್ಹಂತ, ಸಾಧು, ಧರ್ಮ ಎಂಬ ಚತುಃಶರಣದ ಕಲ್ಪನೆ ತಿಳಿಯದವನಿಗೆ ಆ ಪದ್ಯಗಳು ಯಾವ ದೇವರನ್ನು ಕುರಿತವೆಂಬುದೇ ತಿಳಿಯದು. ನಿತ್ಯ ‘ಚತ್ತಾರಿ ಮಂಗಲಂ’ ಹೇಳುವ ಮಗುವಿಗೆ ಸುಲಭವಾದದ್ದು ಮಹಾಪಂಡಿತರಿಗೆ ಒಗಟಾಗಿತ್ತು. ಪ್ರಶ್ನೆಗಳನ್ನು ಕಟ್ಟಿಕೊಂಡು ಅವರು ಆ ಮನೆಗಳಿಗೆ ಹೋಗುತ್ತಿದ್ದರು, ಕೇಳುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಅವರ ಶ್ರದ್ಧೆಯನ್ನು ಕಂಡ ಜೈನರು ಅವರನ್ನು ‘ಭವ್ಯಜೀವ’ರೆಂದು ಕರೆದರು. ಬೇರೆ ಮತದವರಿಗೆ ಶ್ರಾವಕರು ಸುಲಭವಾಗಿ ಆಡುವ ಮಾತಲ್ಲ ಅದು. ಆದರೆ ಅವರು ಮತಾಂತರಗೊಳ್ಳಲಿಲ್ಲ. ಹಣೆಯ ವಿಭೂತಿಯೂ ಮಾಸಲಿಲ್ಲ. ಯಾರೂ ಅದನ್ನು ನಿರೀಕ್ಷಿಸಲೂ ಇಲ್ಲ.

ಇದರಲ್ಲಿ ಒಂದು ಹಳೆಯ ಪ್ರತಿಧ್ವನಿಯೂ ಉಂಟು. ನಚ್ಚಿನಾರ್ಕಿನಿಯರ್ ಕೂಡ ಬ್ರಾಹ್ಮಣರು, ಶೈವರು. ಅವರು ಮೊದಲು ಬರೆದ ಚಿಂತಾಮಣಿ ವ್ಯಾಖ್ಯಾನವನ್ನು ಜೈನರು ಒಪ್ಪಲಿಲ್ಲವೆಂದೂ, ಆಗ ಅವರು ಚಿತ್ತಾಮೂರಿನ ಜೈನರ ನಡುವೆ ನೆಲಸಿ ಸಿದ್ಧಾಂತಗ್ರಂಥಗಳನ್ನು ಓದಿ ಎರಡನೆಯ ಸಲ ವ್ಯಾಖ್ಯಾನ ಬರೆದರೆಂದೂ ಐತಿಹ್ಯವಿದೆ. ತಿಂಡಿವನದ ಸಮೀಪದ ಆ ಚಿತ್ತಾಮೂರೇ ಇಂದಿಗೂ ತಮಿಳು ಜೈನರ ಮಠವಿರುವ ಸ್ಥಳ. ಐತಿಹ್ಯ ಎಷ್ಟರ ಮಟ್ಟಿಗೆ ಇತಿಹಾಸವೋ ಹೇಳಲಾಗದು. ಪರಮತದ ಗ್ರಂಥವನ್ನು ವಿವರಿಸುವವನು ಆ ಮತದವರ ಮುಂದೆ ಒಪ್ಪಿಸಿ ಅನುಮತಿ ಪಡೆಯಬೇಕೆಂಬ ನಿರೀಕ್ಷೆ ತಮಿಳುನಾಡಿನಲ್ಲಿತ್ತು ಎಂಬುದನ್ನಾದರೂ ಅದು ತೋರಿಸುತ್ತದೆ.

ಅಡ್ಡಿಗಳು ಬರಲಿಲ್ಲವೆಂದಲ್ಲ. ಚೋಳ ಅರಸನು ಚಿಂತಾಮಣಿಯನ್ನು ಮೆಚ್ಚಿ ಓದುತ್ತಿದ್ದುದನ್ನು ತಪ್ಪಿಸಲೆಂದೇ ಶೇಕ್ಕಿಳಾರರು ಪೆರಿಯಪುರಾಣವನ್ನು ರಚಿಸಿದರೆಂಬ ಕಥೆ ಶೈವರಲ್ಲಿ ಪ್ರಚಲಿತವಾಗಿತ್ತು. ಅಂಥ ವಾತಾವರಣದಲ್ಲಿ ಮಠದ ಅನ್ನ ಉಂಡವನು ಶ್ರಮಣರ ಕಾವ್ಯವನ್ನು ಅಚ್ಚು ಹಾಕಿಸುವುದೇ ಎಂದು ಮುಖ ಸಿಂಡರಿಸಿದವರಿದ್ದರು. ಸುಬ್ರಹ್ಮಣ್ಯ ದೇಶಿಕರಾದರೋ ತಮ್ಮ ಪ್ರೀತಿಯ ಪಂಡಿತರ ಮೇಲಿನ ಕೃಪೆಯನ್ನು ಕಡಿಮೆ ಮಾಡಲಿಲ್ಲ. ಮಠದ ಭಂಡಾರದ ಓಲೆಗಳು ಅವರಿಗೆ ತೆರೆದೇ ಇದ್ದವು. ಶೈವಮಠಾಧಿಪತಿಗಳ ಈ ಔದಾರ್ಯವನ್ನು ಜೈನರು ಸ್ಮರಿಸತಕ್ಕದ್ದು.

ಇದಕ್ಕೆ ಮೊದಲು 1868ರಲ್ಲಿ ಬೋವರ್ ಎಂಬ ಪಾದ್ರಿಗಳು ಕಾವ್ಯದ ಮೊದಲ ಲಂಬಕವನ್ನಷ್ಟೇ ಅಚ್ಚು ಮಾಡಿಸಿದ್ದರು. ಪ್ರಾಚೀನ ತಮಿಳು ಗ್ರಂಥಗಳ ಪ್ರಕಾಶನದಲ್ಲಿ ಅಗ್ರಗಣ್ಯರಾಗಿದ್ದ ಯಾಳ್ಪಾಣದ ದಾಮೋದರಂ ಪಿಳ್ಳೈ ಅವರೂ ಚಿಂತಾಮಣಿಯನ್ನು ತಾವೇ ಪ್ರಕಟಿಸುವೆವೆಂದು ಅಯ್ಯರ್ ಅವರನ್ನು ಕೇಳಿದರು. ಅವರು ಒಪ್ಪಲಿಲ್ಲ. ಊರೂರಿನಿಂದ ಪ್ರತಿಗಳನ್ನು ತರಿಸಿ ಪಾಠಗಳನ್ನು ಹೋಲಿಸುವುದು, ಪದಗಳ ಅನುಕ್ರಮಣಿಕೆ ಸಿದ್ಧಪಡಿಸುವುದು, ಮುಂಗಡ ಸಹಿ ಹಾಕಿಸಿ ಹಣ ಕೂಡಿಸುವುದು, ರಜೆಯಲ್ಲಿ ಮದರಾಸಿಗೆ ಹೋಗಿ ಕರಡು ತಿದ್ದುವುದು, ಎಲ್ಲವೂ ಅವರ ಹೆಗಲಿಗೇ ಬಿತ್ತು. 1887ರಲ್ಲಿ ಮದರಾಸಿನ ದ್ರಾವಿಡ ರತ್ನಾಕರ ಮುದ್ರಣಾಲಯದಿಂದ ನಚ್ಚಿನಾರ್ಕಿನಿಯರ್ ವ್ಯಾಖ್ಯಾನ ಸಹಿತವಾದ ಸಮಗ್ರ ಜೀವಕ ಚಿಂತಾಮಣಿ ಹೊರಬಂತು. ಮರುವರ್ಷವೇ ದೇಶಿಕರು ಕಾಲವಾದರು.

ಗ್ರಂಥದ ಮತ್ತೊಂದು ಫಲವನ್ನು ಯಾರೂ ಮುಂಗಂಡಿರಲಿಲ್ಲ. ವ್ಯಾಖ್ಯಾನದಲ್ಲಿ ಹೆಸರಿಲ್ಲದೆ ಬರುವ ಉದ್ಧರಣೆಗಳ ಮೂಲವನ್ನು ಹುಡುಕುತ್ತ ಹೋದ ಅಯ್ಯರ್ ಅವರಿಗೆ, ತಮಿಳರೇ ಮರೆತಿದ್ದ ಸಂಘಂ ಕಾಲದ ಪದ್ಯಗಳ ಕಟ್ಟುಗಳು ಗೋಚರಿಸತೊಡಗಿದವು. 1889ರಲ್ಲಿ ಪತ್ತುಪ್ಪಾಟ್ಟು, 1892ರಲ್ಲಿ ಶಿಲಪ್ಪದಿಕಾರಂ, 1894ರಲ್ಲಿ ಪುರನಾನೂರು, 1898ರಲ್ಲಿ ಮಣಿಮೇಖಲೈ. ಬೌದ್ಧ ಕಾವ್ಯವಾದ ಮಣಿಮೇಖಲೆಗೆ ಕುಂಭಕೋಣದಲ್ಲಿ ಬೌದ್ಧರ ಮನೆಯೇ ಇರಲಿಲ್ಲ. ಅದಕ್ಕಾಗಿ ಸಹೋದ್ಯೋಗಿ ಮಳೂರು ರಂಗಾಚಾರ್ಯರು ಇಂಗ್ಲಿಷ್ ಪುಸ್ತಕಗಳನ್ನು ಓದಿ ಹೇಳಬೇಕಾಯಿತು. ಜೀವಂತ ಶ್ರಾವಕರಿಂದ ಕಲಿಯುವುದಕ್ಕೂ ಪುಸ್ತಕದಿಂದ ಕಲಿಯುವುದಕ್ಕೂ ಇರುವ ಅಂತರವನ್ನು ಅಯ್ಯರ್ ಅವರಷ್ಟು ಅರಿತವರು ವಿರಳ. ಇಂದು ಸಂಘಂ ಸಾಹಿತ್ಯವೆಂದು ತಮಿಳರು ಅಭಿಮಾನದಿಂದ ಹೇಳಿಕೊಳ್ಳುವ ಸಂಪತ್ತಿನ ಬಹುಭಾಗಕ್ಕೆ ಬಾಗಿಲು ತೆರೆದದ್ದು ಒಂದು ಜೈನ ಕಾವ್ಯದ ವ್ಯಾಖ್ಯಾನ.

ಉಳಿದ ಜೀವನಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1903ರಲ್ಲಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದು 1919ರವರೆಗೆ ಅಲ್ಲಿದ್ದರು. 1906ರಲ್ಲಿ ಮಹಾಮಹೋಪಾಧ್ಯಾಯ ಬಿರುದು, 1932ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ತಿರುವಲ್ಲಿಕ್ಕೇಣಿಯಲ್ಲಿ ಕೊಂಡ ಮನೆಗೆ ತಮಗೆ ಕೆಲಸ ಕೊಡಿಸಿದ ಚೆಟ್ಟಿಯಾರರ ನೆನಪಿಗಾಗಿ ‘ತ್ಯಾಗರಾಜ ವಿಲಾಸ’ವೆಂದು ಹೆಸರಿಟ್ಟರು. ಜೈನ ಗ್ರಂಥಗಳ ಸಂಬಂಧವೂ ಕಡಿಯಲಿಲ್ಲ. ಬಾಲ್ಯದಲ್ಲಿ ಕಲಿತ ನನ್ನೂಲನ್ನು ಜೈನ ವಿದ್ವಾಂಸ ಮಯಿಲೈನಾಥರ ಪ್ರಾಚೀನ ವ್ಯಾಖ್ಯಾನದೊಡನೆ ಪ್ರಕಟಿಸಿದರು. 1924ರಲ್ಲಿ ಕೊಂಗುವೇಳಿರ್ ಎಂಬ ಜೈನ ಕವಿಯ ‘ಪೆರುಂಕಥೈ’ಯನ್ನು, ಆದಿಯೂ ಅಂತ್ಯವೂ ಇಲ್ಲದ ಶಿಥಿಲ ಪ್ರತಿಯಿಂದ, ಹೊರತಂದರು. ಅದು ಗುಣಾಢ್ಯನ ಬೃಹತ್ಕಥೆಯ ತಮಿಳು ರೂಪ. ಗಂಗರಾಜ ದುರ್ವಿನೀತನು ಆ ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುವುದರಿಂದ, ಕೊಂಗುವೇಳಿರನ ಆಕರ ಅದೇ ಇರಬೇಕೆಂದು ಊಹಿಸಿದ ವಿದ್ವಾಂಸರಿದ್ದಾರೆ. 1942ರ ಏಪ್ರಿಲ್ 28ರಂದು ತಿರುಕ್ಕಳುಕುನ್ರಂನಲ್ಲಿ ಅಯ್ಯರ್ ಅವರು ನಿಧನರಾದರು. ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಆತ್ಮಕಥೆ ಅಪೂರ್ಣವಾಗಿ ಉಳಿಯಿತು. ಅವರು ಕೂಡಿಟ್ಟ ಓಲೆಗಳಿಗಾಗಿ 1943ರಲ್ಲಿ ಮದರಾಸಿನಲ್ಲಿ ಅವರ ಹೆಸರಿನ ಗ್ರಂಥಾಲಯ ಸ್ಥಾಪಿತವಾಯಿತು.

ಬಸದಿಗಳ ಆಡಳಿತ ನಡೆಸುವವರು ಗಮನಿಸಬೇಕಾದ ಸಂಗತಿಯೊಂದು ಆ ಆತ್ಮಕಥೆಯಲ್ಲಿದೆ. ಓಲೆಗಳನ್ನು ಅರಸುತ್ತ ಅಯ್ಯರ್ ಅವರು ತಿರುನೆಲ್ವೇಲಿ ಸೀಮೆಯ ಕರಿವಲಂವಂದನಲ್ಲೂರಿನ ದೇವಾಲಯಕ್ಕೆ ಹೋದರು. ಅಲ್ಲಿ ಪ್ರಾಚೀನ ಗ್ರಂಥಗಳ ದೊಡ್ಡ ರಾಶಿಯಿತ್ತೆಂದು ಕೇಳಿದ್ದರು. ಹೋಗಿ ವಿಚಾರಿಸಿದರೆ, ಆ ಗರಿಗಳು ಜೀರ್ಣವಾಗಿದ್ದವು, ಶಾಸ್ತ್ರೋಕ್ತವಾಗಿ ತುಪ್ಪದಲ್ಲಿ ಅದ್ದಿ ಹೋಮಾಗ್ನಿಗೆ ಅರ್ಪಿಸಿದೆವು ಎಂಬ ಉತ್ತರ. ಉತ್ತರ ಕೊಟ್ಟವರಲ್ಲಿ ದುರ್ಬುದ್ಧಿಯಿರಲಿಲ್ಲ, ಇದ್ದದ್ದು ಭಕ್ತಿಯೇ. ಕನ್ನಡನಾಡಿನ ಜೈನರು ತಮ್ಮಲ್ಲಿ ಹೀಗಾಗಲಿಲ್ಲವೆಂದು ಸಮಾಧಾನಪಡಬಹುದು. ಮೂಡಬಿದಿರೆಯ ಸಿದ್ಧಾಂತ ಬಸದಿ ಧವಲಾದಿ ಗ್ರಂಥಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿತು. ಆದರೆ ಅಲ್ಲಿಯೂ ಬಹುಕಾಲ ಗ್ರಂಥಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಪ್ರತಿ ಮಾಡುವ ಕೆಲಸ 1896ರಲ್ಲಿ ಮೊದಲಾಗಿ, ಧವಲದ ಮೊದಲ ಸಂಪುಟ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾದದ್ದು 1939ರಲ್ಲಿ. ಕಾಪಾಡುವುದು ಒಂದು ಪುಣ್ಯ, ಓದುವುದು ಇನ್ನೊಂದು. ಕುಂಭಕೋಣದ ಶ್ರಾವಕರು ಎರಡನ್ನೂ ಮಾಡಿದ್ದರು. ಅದರ ಮೇಲೆ ಬಾಗಿಲಿಗೆ ಬಂದ ಅನ್ಯಮತೀಯನಿಗೆ ಅರ್ಥ ಹೇಳಿಕೊಡುವ ಮೂರನೆಯದನ್ನೂ ಮಾಡಿದರು. ಇದು ಸಣ್ಣ ಮಾತಲ್ಲ. ಅನೇಕಾಂತದ ಕುರಿತು ಉಪನ್ಯಾಸ ಮಾಡುವವರು ಬಹಳ. ಪರಮತೀಯ ಪಂಡಿತನನ್ನು ಜಗಲಿಯಲ್ಲಿ ಕೂರಿಸಿಕೊಂಡು ಸಮವಸರಣ ವಿವರಿಸಿದವರು ಕೆಲವರು.

ಆದರೂ ಎಲ್ಲವನ್ನೂ ಉಳಿಸಲಾಗಲಿಲ್ಲ. ವಳೈಯಾಪತಿಯ ವಿಷಯದಲ್ಲಿ ಅಯ್ಯರ್ ಅವರು ಒಂದು ಕೊರಗನ್ನು ಬರೆದಿಟ್ಟಿದ್ದಾರೆ. ಪಿಳ್ಳೈಯವರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದ ದಿನಗಳಲ್ಲಿ ತಿರುವಾವಡುದುರೈ ಮಠದ ಗ್ರಂಥಭಂಡಾರದಲ್ಲಿ ಆ ಜೈನ ಕಾವ್ಯದ ಓಲೆಕಟ್ಟನ್ನು ಅವರು ಕಣ್ಣಾರೆ ಕಂಡಿದ್ದರು. ಆಗ ಅಂದಾದಿ, ಪುರಾಣಗಳಲ್ಲಿ ಮುಳುಗಿದ್ದ ಯುವಕನಿಗೆ ಅದನ್ನು ಬಿಚ್ಚಿ ನೋಡಬೇಕೆನಿಸಲಿಲ್ಲ. ಚಿಂತಾಮಣಿಯ ಬಳಿಕ ನೆನಪಾಗಿ ಹೋಗಿ ಹುಡುಕಿದಾಗ ಕಟ್ಟು ಅಲ್ಲಿರಲಿಲ್ಲ. ಮತ್ತೆಲ್ಲಿಯೂ ದೊರೆಯಲಿಲ್ಲ. ಅನ್ಯಗ್ರಂಥಗಳಲ್ಲಿ ಉದ್ಧೃತವಾದ ಸುಮಾರು ಎಪ್ಪತ್ತು ಪದ್ಯಗಳಷ್ಟೇ ವಳೈಯಾಪತಿಯ ಪಾಲಿಗೆ ಇಂದು ಉಳಿದಿವೆ.